ಬಾಕಿ ಉಳಿದ ಲೆಕ್ಕ

ಪ್ರತಿ ವರ್ಷ ಆಗಸ್ಟ್ 15ನೆಯ ತಾರೀಖು ಬೆಳಗ್ಗೆ, ನಾಡಿನ ಉಳಿದ ಊರುಗಳಲ್ಲಿರುವಂತೆಯೇ, ಶಿರಾ ತಾಲ್ಲೂಕಿನ ಬರಗೂರಿನಲ್ಲಿಯೂ ಶಾಲೆಯ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ. ಬಾವುಟವೇರುತ್ತದೆ. ಸಭೆಯಲ್ಲಿ ಮಹನೀಯರೊಬ್ಬರು ಗಾಂಧೀಜಿ, ನೆಹರೂ, ಪಟೇಲ್, ಸುಭಾಷರ ಹೆಸರುಗಳನ್ನು ಸ್ಮರಿಸುತ್ತಾರೆ. ಸಿಹಿ ಹಂಚಿದ ಮೇಲೆ ಎಲ್ಲರೂ ಮನೆಗೆ ಹೋಗುತ್ತಾರೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಆ ಸಾಲಿನಲ್ಲಿ ನಿಂತ ಬಾಲಕನೊಬ್ಬನು "ಮೇಷ್ಟ್ರೇ, ಆ ದಿನ ನಮ್ಮೂರಿಗೂ ಸ್ವರಾಜ್ಯ ಬಂತೆ?" ಎಂದು ಕೇಳಿಬಿಟ್ಟರೆ ಉಪಾಧ್ಯಾಯರು ಕೊಡಬೇಕಾದ ಉತ್ತರವು ಅಷ್ಟು ಸುಲಭವಾದುದಲ್ಲ. 1947ನೆಯ ಆಗಸ್ಟ್ 15ರಂದು ಬರಗೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದಿತು. ಸಂಸ್ಥಾನವು ಭಾರತದೊಡನೆ ಕೂಡಿಕೊಳ್ಳುವ ಪತ್ರಕ್ಕೆ ಮಹಾರಾಜರ ರುಜು ಅದೇ ತಿಂಗಳ 9ರಂದು ಬಿದ್ದಿದ್ದಿತಾದರೂ, ಆಡಳಿತದ ಚುಕ್ಕಾಣಿಯು ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲಿಯೇ ಇದ್ದಿತು. ಊರಿಗೆ ಸಮೀಪದ ಗಡಿಯನ್ನು ದಾಟಿದರೆ ಮದರಾಸು ಪ್ರಾಂತದ ಮಡಕಶಿರಾ ಸೀಮೆ. ಅಲ್ಲಿ ಪ್ರಜೆಗಳ ಮಂತ್ರಿಮಂಡಲ. ಈಚೆಗೆ ಬಂದರೆ ಸಂಸ್ಥಾನ. ಇಲ್ಲಿ ಸೆಪ್ಟೆಂಬರ್ ಒಂದರಿಂದ ಮತ್ತೊಂದು ಚಳವಳಿಯೇ ನಡೆಯಬೇಕಾಯಿತು. ಒಂದೇ ಭಾಷೆ, ಒಂದೇ ಸಂತೆ, ಒಂದೇ ಬರಗಾಲದ ಜನರ ನಡುವೆ ಸ್ವರಾಜ್ಯವು ಕೆಲವು ವಾರಗಳ ಕಾಲ ಬೇಲಿಯಾಚೆಯ ವಸ್ತುವಾಗಿ ಉಳಿದಿದ್ದಿತು.

ಈ ಸಂಗತಿಯನ್ನು ಅರಿಯದೆ ನಮ್ಮ ಸೀಮೆಯ ಇತಿಹಾಸವನ್ನು ಅರಿಯುವುದು ಸಾಧ್ಯವಿಲ್ಲ. 1938ರಿಂದ 1947ರವರೆಗಿನ ಹತ್ತು ವರ್ಷಗಳು ಮೈಸೂರು ಸಂಸ್ಥಾನದ ಬಾಳಿನಲ್ಲಿ ಅದುವರೆಗೆ ಕಂಡರಿಯದಷ್ಟು ಕೋಲಾಹಲದ ವರ್ಷಗಳು. ಆ ದಶಕದ ದೊಡ್ಡ ಘಟನೆಗಳು ಪಠ್ಯಪುಸ್ತಕಗಳನ್ನು ಸೇರಿವೆ. ಶಿವಪುರ, ವಿದುರಾಶ್ವತ್ಥ, ಈಸೂರು ಎಂಬ ಹೆಸರುಗಳನ್ನು ಪರೀಕ್ಷೆಗೆ ಕುಳಿತ ಪ್ರತಿಯೊಬ್ಬ ವಿದ್ಯಾರ್ಥಿಯೂ ಬರೆಯಬಲ್ಲನು. ಆದರೆ ಆ ಹೆಸರುಗಳ ಸುತ್ತಲಿನ ನೂರಾರು ಹಳ್ಳಿಗಳಿಂದ ಯಾರು ಹೋದರು, ಯಾರು ಮರಳಿ ಬಂದರು, ಯಾರ ಮನೆ ಜಫ್ತಿಯಾಯಿತು, ಯಾವ ಪಟೇಲನು ಚಳವಳಿಗಾರರಿಗೆ ಬಾಗಿಲು ತೆರೆದನು, ಯಾವನು ಮುಚ್ಚಿದನು ಎಂಬ ಹೋಬಳಿವಾರು ಲೆಕ್ಕವನ್ನು ನಾವು ಇನ್ನೂ ಬರೆದು ಮುಗಿಸಿಲ್ಲ. ಅದನ್ನು ಬರೆಯಲು ಉಳಿದಿರುವ ಕಾಲವು ಬಹಳ ಕಡಮೆ. 1947ರಲ್ಲಿ ಹತ್ತು ವರ್ಷದವನಾಗಿದ್ದವನು ಇಂದು ತೊಂಬತ್ತರ ಅಂಚಿನಲ್ಲಿದ್ದಾನೆ.

ದಶಕದ ಮೊದಲನ್ನು ಸ್ವಲ್ಪ ನೆನೆಯೋಣ. 1937ರಲ್ಲಿ ಸಂಸ್ಥಾನದ ಪ್ರಜಾಪಕ್ಷದವರು ಕಾಂಗ್ರೆಸ್ಸಿನೊಡನೆ ಒಂದುಗೂಡಿದರು. ಬ್ರಾಹ್ಮಣೇತರ ರಾಜಕಾರಣದ ಹಳ್ಳಿಯ ಬಲವೂ ಪಟ್ಟಣದ ವಿದ್ಯಾವಂತರ ಕಾಂಗ್ರೆಸ್ಸೂ ಕೂಡಿದ ಈ ಘಟನೆಯು ನಮ್ಮ ದೃಷ್ಟಿಯಲ್ಲಿ ಮುಂದಿನ ಎಲ್ಲಕ್ಕೂ ತಳಹದಿ. ಆದರೆ ಗುಂಡಿನ ಸದ್ದಿಲ್ಲದ ಕಾರಣ ಅದನ್ನು ಯಾರೂ ಆಚರಿಸುವುದಿಲ್ಲ. 1938ನೆಯ ಫೆಬ್ರವರಿಯಲ್ಲಿ ಸುಭಾಷಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ನೆರೆದ ಹರಿಪುರ ಕಾಂಗ್ರೆಸ್, ದೇಶೀಯ ಸಂಸ್ಥಾನಗಳ ಪ್ರಜೆಗಳು ತಮ್ಮ ಹೋರಾಟವನ್ನು ತಮ್ಮ ಬಲದಿಂದಲೇ ನಡೆಸಿಕೊಳ್ಳತಕ್ಕದ್ದೆಂಬ ಅಭಿಪ್ರಾಯವನ್ನು ಕೊಟ್ಟಿತು. ಅದಾದ ಎರಡೇ ತಿಂಗಳಿಗೆ, ಏಪ್ರಿಲ್ ತಿಂಗಳಿನಲ್ಲಿ, ಮದ್ದೂರಿನ ಸಮೀಪದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಬಾವುಟವನ್ನು ಹಾರಿಸಕೂಡದೆಂದು ಸರ್ಕಾರದ ನಿಷೇಧ. ಹಾರಿಸಿಯೇ ತೀರುವೆವೆಂದು ಜನರ ಸಂಕಲ್ಪ. ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ಧ್ವಜವನ್ನೇರಿಸಿ ದಸ್ತಗಿರಿಯಾದರು. ಅವರ ಹಿಂದೆಯೇ ಒಬ್ಬರಾದ ಮೇಲೊಬ್ಬರು ಮುಂದೆ ಬಂದು ಸೆರೆಮನೆಗೆ ನಡೆದರು. ಅಲ್ಲಿ ರಕ್ತ ಹರಿಯಲಿಲ್ಲ. ಹೊಲಗದ್ದೆಗಳಿಂದ ಬಂದ ಸಹಸ್ರಾರು ಮಂದಿ ಸಂಸ್ಥಾನದ ಅಪ್ಪಣೆಯನ್ನು ಶಾಂತವಾಗಿ ಮೀರಬಹುದೆಂದು ಅಂದು ಮೊದಲ ಬಾರಿಗೆ ಕಂಡುಕೊಂಡರು.

ಆ ಕಾಣ್ಕೆಯು ಹದಿನೈದು ದಿನಗಳೊಳಗಾಗಿ ನಮ್ಮ ಮಗ್ಗುಲಿಗೇ ಬಂದಿತು. ಗೌರಿಬಿದನೂರು ತಾಲ್ಲೂಕು ಮಧುಗಿರಿ, ಕೊರಟಗೆರೆ ತಾಲ್ಲೂಕುಗಳ ಗಡಿಗೆ ಹೊಂದಿಕೊಂಡದ್ದು. ಅದರೊಳಗೆ ಉತ್ತರ ಪಿನಾಕಿನಿಯ ಬಳಿ ವಿದುರನು ನೆಟ್ಟನೆಂದು ಹೇಳುವ ಅಶ್ವತ್ಥ ವೃಕ್ಷದಿಂದ ಹೆಸರು ಪಡೆದ ಕ್ಷೇತ್ರವೇ ವಿದುರಾಶ್ವತ್ಥ. ಮಕ್ಕಳಿಲ್ಲದವರು ಹರಕೆ ಹೊತ್ತು ನಾಗರಕಲ್ಲುಗಳನ್ನು ಪ್ರತಿಷ್ಠೆ ಮಾಡಿಸುವ ಆ ಸ್ಥಳಕ್ಕೆ ನಮ್ಮ ಕಡೆಯ ಹೆಂಗಸರು ಹೋಗಿ ಬರುವುದು ಹೊಸತಲ್ಲ. 1938ನೆಯ ಏಪ್ರಿಲ್ 25ರಂದು, ಜಾತ್ರೆಯ ಸಂದರ್ಭದಲ್ಲಿ, ಅಲ್ಲಿ ಧ್ವಜ ಸತ್ಯಾಗ್ರಹಕ್ಕಾಗಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸಭೆ ಸೇರಿದ್ದ ತೋಟದಿಂದ ಹೊರಬೀಳಲು ದಾರಿ ಕಿರಿದಾಗಿದ್ದಿತು. ಜಾತ್ರೆಗೆ ಬಂದವರಾರು, ಸತ್ಯಾಗ್ರಹಕ್ಕೆ ಬಂದವರಾರು ಎಂದು ಗುಂಡು ವಿಚಾರಿಸುವುದಿಲ್ಲ. ನಾಡಿನ ಜನರು ಅದನ್ನು ಅಂದೇ ಅಮೃತಸರದ ಜಲಿಯನ್‌ವಾಲಾಬಾಗಿಗೆ ಹೋಲಿಸಿದರು; ಆ ಹೋಲಿಕೆಯೇ ಈಗ ಸ್ಥಳದ ಬಿರುದಾಗಿ ನಿಂತಿದೆ.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ವಿದುರಾಶ್ವತ್ಥದಿಂದ ಹಿಂದೂಪುರವು ಒಂದು ಹಗಲಿನ ನಡಿಗೆಗಿಂತಲೂ ಕಡಮೆ ದೂರ. ಹಿಂದೂಪುರವು ಅಂದು ಅನಂತಪುರ ಜಿಲ್ಲೆಯಲ್ಲಿದ್ದಿತು, ಅಂದರೆ ಮದರಾಸು ಪ್ರಾಂತದಲ್ಲಿ. ಆ ಪ್ರಾಂತದಲ್ಲಿ 1937ನೆಯ ಜುಲೈಯಿಂದ ರಾಜಗೋಪಾಲಾಚಾರ್ಯರ ಕಾಂಗ್ರೆಸ್ ಮಂತ್ರಿಮಂಡಲವೇ ಅಧಿಕಾರದಲ್ಲಿದ್ದಿತು. ಯಾವ ಬಾವುಟವನ್ನು ಗಡಿಯಾಚೆ ಆಳುವ ಪಕ್ಷವೇ ತನ್ನದೆನ್ನುತ್ತಿದ್ದಿತೋ, ಅದೇ ಬಾವುಟವನ್ನು ಗಡಿಯೀಚೆ ಎತ್ತಿದ್ದಕ್ಕೆ ಗುಂಡೇಟು ಬಿದ್ದಿತು. ಬ್ರಿಟಿಷರ ನೇರ ಆಳಿಕೆಗಿಂತ ಸ್ವದೇಶೀ ದೊರೆಯ ಆಳಿಕೆಯು ಮೃದುವೆಂದು, ಮೈಸೂರು ಮಾದರೀ ಸಂಸ್ಥಾನವೆಂದು ಕೇಳಿ ಬೆಳೆದಿದ್ದ ಪ್ರಜೆಗಳಿಗೆ ಆ ದಿನ ಬಿದ್ದ ಪೆಟ್ಟು ದೇಹಕ್ಕೆ ಮಾತ್ರ ಬಿದ್ದುದಲ್ಲ. ಮೈಸೂರಿನ ಆಡಳಿತದ ಒಳ್ಳೆಯ ಕೆಲಸಗಳನ್ನು ನಾವು ಅಲ್ಲಗಳೆಯುವವರಲ್ಲ. ಕೆರೆ, ಕಾಲುವೆ, ವಿದ್ಯುಚ್ಛಕ್ತಿ, ಶಾಲೆಗಳ ಋಣ ನಮ್ಮ ಮೇಲೆ ಇದ್ದೇ ಇದೆ. ಆದರೆ ಒಳ್ಳೆಯ ಆಡಳಿತವಿದ್ದಲ್ಲಿ ಸ್ವಂತ ಆಡಳಿತ ಬೇಕಿಲ್ಲವೆಂಬ ವಾದಕ್ಕೆ ಉತ್ತರವನ್ನು ಗೌರಿಬಿದನೂರು ಸೀಮೆಯ ರೈತರು ಅಂದು ಪ್ರಾಣ ತೆತ್ತು ಹೇಳಿದರು.

ಸತ್ತವರೆಷ್ಟು? ಅಂದಿನ ಸರ್ಕಾರ ಹತ್ತು ಎಂದಿತು. ಜನರ ಎಣಿಕೆ ಮೂವತ್ತನ್ನು ದಾಟಿತು. 32 ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಂಖ್ಯೆ, 35 ಎನ್ನುವವರೂ ಉಂಟು. ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೂ ಕುಳಿತಿತು. ಸಮಿತಿಗಳು ವರದಿ ಒಪ್ಪಿಸುತ್ತವೆ, ಮುದ್ರಣವಾಗುತ್ತವೆ, ಬೀರು ಸೇರುತ್ತವೆ. ಹತ್ತಕ್ಕೂ ಮೂವತ್ತೆರಡಕ್ಕೂ ನಡುವೆ ಇರುವ ಇಪ್ಪತ್ತೆರಡು ಮಂದಿ ಎಲ್ಲಿಯವರು? ಗುಂಡು ತಗುಲಿದವನನ್ನು ಬಂಧುಗಳು ರಾತ್ರೋರಾತ್ರಿ ಗಾಡಿಯಲ್ಲಿ ಹಾಕಿಕೊಂಡು ಊರಿಗೆ ಒಯ್ದರೆ, ಅವನು ಮೂರು ದಿನ ನರಳಿ ಮನೆಯಲ್ಲಿಯೇ ಪ್ರಾಣ ಬಿಟ್ಟರೆ, ಅವನು ಯಾರ ಲೆಕ್ಕಕ್ಕೆ ಸೇರತಕ್ಕವನು? ಪೊಲೀಸಿಗೆ ಹೇಳಿದರೆ ಮನೆಯವರಿಗೇ ಕಂಟಕವೆಂದು ಹೆದರಿದ ಮುದುಕಿಯು ಮಗನು ಜ್ವರದಿಂದ ಸತ್ತನೆಂದು ಹೇಳಿದ್ದರೆ, ಶಾನುಭೋಗನು ಜನನ ಮರಣದ ಪುಸ್ತಕದಲ್ಲಿ ಜ್ವರವೆಂದೇ ಬರೆದಿರುತ್ತಾನೆ. ಆದುದರಿಂದ ಈ ಲೆಕ್ಕವನ್ನು ಬೆಂಗಳೂರಿನ ದಫ್ತರುಗಳಲ್ಲಿ ಮಾತ್ರ ಹುಡುಕಿದರೆ ಸಿಕ್ಕದು. ಅದನ್ನು ಸುತ್ತಲಿನ ತಾಲ್ಲೂಕುಗಳ ಗ್ರಾಮ ಗ್ರಾಮಗಳ ಮರಣ ರಿಜಿಸ್ಟರುಗಳಲ್ಲಿ, 1938ರ ಏಪ್ರಿಲ್ 25ರಿಂದ ಮುಂದಿನ ಕೆಲವು ವಾರಗಳ ಪುಟಗಳಲ್ಲಿ, ಒಂದೊಂದಾಗಿ ನೋಡಬೇಕು. ಅಂಥ ಪುಟವೊಂದರಲ್ಲಿ ಒಂದೇ ಹಳ್ಳಿಯ ಇಬ್ಬರು ಗಟ್ಟಿಮುಟ್ಟಾದ ಯುವಕರು ಒಂದೇ ವಾರದಲ್ಲಿ ತೀರಿಕೊಂಡ ನಮೂದು ಕಂಡರೆ, ಅದು ಯಾವ ಭಾಷಣಕ್ಕಿಂತಲೂ ಹೆಚ್ಚಿನ ಮಾತನ್ನು ಹೇಳುತ್ತದೆ.

ಗುಂಡಿನ ಫಲವೇನಾಯಿತೆಂಬುದು ಎಲ್ಲರೂ ಬಲ್ಲ ವಿಷಯ. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ದೊರೆಯಿತು, ಸೆರೆಯಾಳುಗಳ ಬಿಡುಗಡೆಯಾಯಿತು, ಸಮಾರಂಭಗಳಲ್ಲಿ ಗಂಡಭೇರುಂಡದ ಧ್ವಜದೊಡನೆ ರಾಷ್ಟ್ರೀಯ ಧ್ವಜವನ್ನೂ ಏರಿಸಬಹುದೆಂದಾಯಿತು. ಏಪ್ರಿಲ್ಲಿನಲ್ಲಿ ಗುಂಡಿಗೆ ಗುರಿಯಾದ ಬಾವುಟವು ಮೇ ತಿಂಗಳಲ್ಲಿ ಸಭ್ಯವಾದ ವಸ್ತುವಾಯಿತು! 2022ರ ಆಗಸ್ಟಿನಲ್ಲಿ ಮನೆ ಮನೆಯ ಮೇಲೆ ಬಾವುಟವನ್ನು ಕಟ್ಟಿದಾಗ ಎಷ್ಟು ಮನೆಗಳಲ್ಲಿ ಈ ಒಂದು ತಿಂಗಳ ಅಂತರವನ್ನು ನೆನೆದರೋ ತಿಳಿಯದು.

1939ರಲ್ಲಿ ಚಳವಳಿಯು ಮತ್ತೊಂದು ರೂಪವನ್ನು ತಾಳಿತು. ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರೂ ಸಂಗಡಿಗರೂ ಅರಣ್ಯ ಸತ್ಯಾಗ್ರಹವನ್ನು ನಡೆಸಿದರು. ಈಚಲ ಮರಗಳಿಗೆ ಕೊಡಲಿ ಬಿದ್ದಿತು. ಮಾಯಕೊಂಡದಲ್ಲಿ ಬಳ್ಳಾರಿ ಸಿದ್ದಮ್ಮನವರು ಅದೇ ಕೆಲಸಕ್ಕಾಗಿ ಸೆರೆಮನೆ ಕಂಡರು. ಹೆಂಡದ ಕಂದಾಯವು ಬೊಕ್ಕಸದ ದೊಡ್ಡ ಆದಾಯಗಳಲ್ಲೊಂದಾಗಿದ್ದ ಕಾಲದಲ್ಲಿ ಈಚಲ ಮರವನ್ನು ಕಡಿಯುವುದೆಂದರೆ ಸರ್ಕಾರದ ಗಂಟಿಗೇ ಕೈಯಿಕ್ಕಿದಂತೆ. ಶಿರಾ, ಪಾವಗಡ, ಹಿರಿಯೂರುಗಳ ಹಳ್ಳದ ಸಾಲಿನಲ್ಲಿ ಬೆಳೆಯುವ ಈ ಮರವನ್ನು ನೋಡಿ ಬೆಳೆದವರಿಗೆ ಆ ಸತ್ಯಾಗ್ರಹದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಮುಂದೆ ಯುದ್ಧ ಬಂದಿತು. 1940ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಮರುವರ್ಷ ಮಿರ್ಜಾ ಸಾಹೇಬರು ದಿವಾನಗಿರಿಯನ್ನು ಬಿಟ್ಟರು. ಧಾನ್ಯದ ಲೆವಿ, ರೇಷನ್ನು, ಸೀಮೆಎಣ್ಣೆಯ ಅಭಾವ ಇವುಗಳು ರಾಜಕೀಯ ಭಾಷಣಗಳಿಗಿಂತ ಹೆಚ್ಚಾಗಿ ಹಳ್ಳಿಗನ ಮನಸ್ಸನ್ನು ಕದಡಿದುವೆಂದು ನಮ್ಮ ಅಭಿಪ್ರಾಯ. 1942ನೆಯ ಆಗಸ್ಟ್ 9ರ ಬೆಳಗಿನ ಜಾವ ಮುಂಬಯಿಯಲ್ಲಿ ಮಹಾತ್ಮರೂ ಇತರ ಮುಂದಾಳುಗಳೂ ಸೆರೆಯಾದ ವಾರ್ತೆಯು ಬಂದೊಡನೆ ಶಾಲಾ ಕಾಲೇಜುಗಳೂ ಬೆಂಗಳೂರಿನ ಗಿರಣಿಗಳೂ ಬರಿದಾದುವು. ಆ ವರ್ಷದ ಕಥೆಯನ್ನೆಲ್ಲ ಇಲ್ಲಿ ಹೇಳಲು ತೆರಪಿಲ್ಲ. ಒಂದು ಊರಿನ ವಿಷಯವನ್ನು ಮಾತ್ರ ಎತ್ತಬೇಕು. ಏಕೆಂದರೆ ನಮ್ಮ ವಾಚಕರಲ್ಲಿ ಸರ್ಕಾರಿ ನೌಕರರು ಅನೇಕರಿದ್ದಾರೆ, ಈ ವಿಷಯವು ಅವರಿಗೂ ಸೇರಿದುದು.

ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನರು ಕಂದಾಯವನ್ನು ಕೊಡುವುದಿಲ್ಲವೆಂದರು, ತಮ್ಮದೇ ಆದ ಸರ್ಕಾರವನ್ನು ಸಾರಿದರು. ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಅಮಲ್ದಾರರು ಪೊಲೀಸರೊಡನೆ ಊರನ್ನು ಹೊಕ್ಕಾಗ ನಡೆದ ಘರ್ಷಣೆಯಲ್ಲಿ ಅಮಲ್ದಾರ್ ಚೆನ್ನಕೃಷ್ಣಪ್ಪನವರೂ ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡರೂ ಕೊಲೆಯಾದರು. ಸೈನ್ಯ ಬಂದಿತು, ಊರು ಸೂರೆಯಾಯಿತು, ಜನರು ಕಾಡು ಸೇರಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ನೆಯ ಮಾರ್ಚಿಯಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಹೆಂಗಸರಿಗೂ ದೀರ್ಘ ಕಾಲದ ಸಜೆಯಾಯಿತು. ಈ ಐವರ ಹೆಸರುಗಳನ್ನು ನಾವು ಗೌರವದಿಂದ ಉಚ್ಚರಿಸುತ್ತೇವೆ. ಅದೇ ಉಸಿರಿನಲ್ಲಿ ಇನ್ನಿಬ್ಬರ ಹೆಸರನ್ನೂ ಹೇಳಿದ್ದೇವೆ. ವಾಚಕರಲ್ಲಿ ಕೆಲವರಿಗೆ ಇದು ಹಿಡಿಸದಿರಬಹುದು. ಆದರೆ ಆ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸಮುದ್ರದಾಚೆಯಿಂದ ಬಂದವರಲ್ಲ, ಕನ್ನಡಿಗರೇ. ತಿಂಗಳ ಸಂಬಳಕ್ಕೆ ದುಡಿದು, ಮೇಲಿನವರ ಆಜ್ಞೆಯನ್ನು ಹೊತ್ತು, ಹಳ್ಳಿಯ ಸಿಟ್ಟಿಗೆ ಸಿಕ್ಕಿದವರು. ಆಜ್ಞೆ ಕೊಟ್ಟವರಿಗೆ ಗಾಯವಾಗಲಿಲ್ಲ. ಸಂಸ್ಥಾನದ ಹೋರಾಟದಲ್ಲಿ ಎರಡು ಕಡೆಯಲ್ಲಿಯೂ ನಮ್ಮವರೇ ನಿಂತಿದ್ದರೆಂಬ ಈ ಕಹಿ ಸತ್ಯವನ್ನು ಬಿಟ್ಟು ಬರೆದ ಇತಿಹಾಸವು ಹಬ್ಬದ ದಿನದ ಓದಿಗೆ ಚೆನ್ನು, ಮಿಕ್ಕ ದಿನಗಳಿಗೆ ಸಾಲದು.

ಇನ್ನು 1947. ದೇಶವೆಲ್ಲ ಸ್ವತಂತ್ರವಾದ ಹದಿನೇಳನೆಯ ದಿನ, ಸೆಪ್ಟೆಂಬರ್ 1ರಂದು, ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಆರಂಭವಾಯಿತು. ಸೆಪ್ಟೆಂಬರ್ 13ರಂದು ಮೈಸೂರು ನಗರದಲ್ಲಿ ಧ್ವಜವನ್ನು ಹಿಡಿದಿದ್ದ ರಾಮಸ್ವಾಮಿ ಎಂಬ ವಿದ್ಯಾರ್ಥಿಯು ಗುಂಡೇಟಿಗೆ ಬಲಿಯಾದನು. ಆ ಚೌಕಕ್ಕೆ ಇಂದೂ ಅವನ ಹೆಸರೇ ಇದೆ. ಭಾರತ ಸ್ವತಂತ್ರವಾಗಿ ಒಂದು ತಿಂಗಳು ತುಂಬುವ ಮುನ್ನ ಭಾರತದ ಬಾವುಟದ ಕೆಳಗೆ ಒಬ್ಬ ಹುಡುಗನು ಹೀಗೆ ಸತ್ತನು. ಚಳವಳಿಯ ಸೂತ್ರವನ್ನು ಹಿಡಿದವರಲ್ಲಿ ಹಲವರು ಸಂಸ್ಥಾನದ ಹೊರಗೆ, ಮುಂಬಯಿ ಮತ್ತು ಮದರಾಸು ಪ್ರಾಂತಗಳ ಗಡಿಯ ಊರುಗಳಲ್ಲಿ ನಿಂತು ಕೆಲಸ ಮಾಡಿದರು. ಪಾವಗಡ ತಾಲ್ಲೂಕನ್ನು ಭೂಪಟದಲ್ಲಿ ನೋಡಿದವರಿಗೆ ಇದರ ಮರ್ಮ ತಿಳಿಯುತ್ತದೆ. ಮೈಸೂರಿನ ಆ ತಾಲ್ಲೂಕು ಬಹುಮಟ್ಟಿಗೆ ಅನಂತಪುರ ಜಿಲ್ಲೆಯ ನಡುವೆ ಕುಳಿತಿದ್ದಿತು. ಮಧುಗಿರಿಯ ಉತ್ತರ ಭಾಗ, ಶಿರಾದ ಬರಗೂರಿನ ಕಡೆ, ಇವೂ ಗಡಿನಾಡುಗಳೇ. ಹಗಲು ಆಚೆ, ರಾತ್ರಿ ಈಚೆ ಎಂದು ಓಡಾಡಬಹುದಾದ ಹಳ್ಳಿಗಳಿವು. ಅಕ್ಟೋಬರ್ 12ರ ಹೊತ್ತಿಗೆ ಒಪ್ಪಂದವಾಯಿತು. ತಿಂಗಳ ಕೊನೆಯ ವಾರದಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರವನ್ನು ವಹಿಸಿಕೊಂಡಿತು. ನಮ್ಮ ತುಮಕೂರು ಜಿಲ್ಲೆಯ ಆರ್. ಚನ್ನಿಗರಾಮಯ್ಯನವರು ಆ ಮೊದಲ ಮಂತ್ರಿಗಳಲ್ಲೊಬ್ಬರು. ಅಸ್ಪೃಶ್ಯರೆನಿಸಿದ್ದ ಜನರ ಪ್ರತಿನಿಧಿಯೊಬ್ಬರು ಮೈಸೂರಿನ ಮಂತ್ರಿಪದವಿಗೇರಿದುದು ಹತ್ತು ವರ್ಷದ ಹೋರಾಟದ ಚಿಕ್ಕ ಫಲವಲ್ಲ. ದಶಕದ ಕಥೆ ಹೇಳುವವರು ಇದನ್ನು ಕೊನೆಯ ಸಾಲಿಗೆ ತಳ್ಳುವುದು ನಮಗೆ ಸರಿಕಾಣುವುದಿಲ್ಲ.

ಸೆಪ್ಟೆಂಬರ್ ಒಂದರಿಂದ ಅಕ್ಟೋಬರ್ ಹನ್ನೆರಡರವರೆಗೆ ಎಣಿಸಿದರೆ ನಲವತ್ತೆರಡು ದಿನಗಳು. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. 1972ನೆಯ ಆಗಸ್ಟ್ 15ರಂದು, ಸ್ವಾತಂತ್ರ್ಯದ ಬೆಳ್ಳಿಹಬ್ಬದ ವೇಳೆ, ಕೇಂದ್ರ ಸರ್ಕಾರವು ಸ್ವಾತಂತ್ರ್ಯಯೋಧರಿಗೆ ಪಿಂಚಣಿಯ ಯೋಜನೆಯನ್ನು ತಂದಿತು. ಒಳ್ಳೆಯ ಕೆಲಸ, ಬೆಳ್ಳಿಗೂದಲಿನ ಎಷ್ಟೋ ಮಂದಿಗೆ ಅದು ಊಟವಾಯಿತು, ಮರ್ಯಾದೆಯಾಯಿತು. ಆದರೆ ಅದಕ್ಕೆ ಸಾಮಾನ್ಯವಾಗಿ ಬೇಕಾಗಿದ್ದುದು ಆರು ತಿಂಗಳ ಸೆರೆವಾಸ. ಹೆಂಗಸರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಮೂರು ತಿಂಗಳು. ಹಣ ಹಂಚುವ ಸರ್ಕಾರಕ್ಕೆ ಯಾವುದಾದರೊಂದು ಅಳತೆಗೋಲು ಬೇಕೇ ಬೇಕು, ಅದನ್ನು ನಾವು ತಪ್ಪೆನ್ನುವುದಿಲ್ಲ. ತಪ್ಪಾದುದು ಮುಂದೆ. ಪಿಂಚಣಿಯ ಪಟ್ಟಿಯೇ ಕ್ರಮೇಣ ಇತಿಹಾಸದ ಪಟ್ಟಿಯಾಗಿಬಿಟ್ಟಿತು. ಯಾರಿಗೆ ತಾಮ್ರಪತ್ರವೋ ಅವರು ಹೋರಾಟಗಾರರು, ಉಳಿದವರು ಪ್ರೇಕ್ಷಕರು! ನಲವತ್ತೆರಡು ದಿನ ನಡೆದ ಚಳವಳಿಯಲ್ಲಿ ಮೊದಲ ದಿನವೇ ಸೆರೆಹೋಗಿ ಕೊನೆಯ ದಿನ ಹೊರಬಂದವನಿಗೂ ಆರು ತಿಂಗಳು ತುಂಬುವುದೆಲ್ಲಿಂದ? ಲಾಠಿಯೇಟಿಗೆ ಕೈ ಮುರಿದುಕೊಂಡವನು, ಬೆತ್ತದ ಹೊಡೆತ ತಿಂದ ಹುಡುಗ, ಗಡಿ ದಾಟಿ ಬಂದವರಿಗೆ ನಡುರಾತ್ರಿಯಲ್ಲಿ ರಾಗಿಮುದ್ದೆ ಬೇಯಿಸಿ ಹಾಕಿದ ಗೃಹಿಣಿ, ಶಾನುಭೋಗಿಕೆ ಹೋದರೆ ಹೋಗಲೆಂದು ರಾಜೀನಾಮೆ ಬರೆದವನು, ಇವರಾರಿಗೂ ಜೈಲಿನ ಸರ್ಟಿಫಿಕೇಟು ಇಲ್ಲ.

ಇದುವರೆಗೆ ಏನೂ ಕೆಲಸವೇ ನಡೆದಿಲ್ಲವೆಂದು ನಾವು ಹೇಳುತ್ತಿಲ್ಲ. 1960ರ ದಶಕದಲ್ಲಿ ಎಂ.ವಿ. ಕೃಷ್ಣರಾವ್ ಮತ್ತು ಜಿ.ಎಸ್. ಹಾಲಪ್ಪನವರು ಕರ್ನಾಟಕದ ಸ್ವಾತಂತ್ರ್ಯ ಚಳವಳಿಯ ಚರಿತ್ರೆಯನ್ನು ಬರೆದರು. ಸೂರ್ಯನಾಥ ಕಾಮತರು ಹೋರಾಟಗಾರರ ನೆನಪುಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಶಿವಪುರದಲ್ಲಿ ಸತ್ಯಾಗ್ರಹ ಸೌಧವೂ ವಿದುರಾಶ್ವತ್ಥದಲ್ಲಿ ವೀರಸೌಧವೂ ಎದ್ದಿವೆ. ಆದರೆ ಸಂಸ್ಥಾನದ ಚರಿತ್ರೆಯನ್ನು ಬರೆಯುವವರು ಒಂದೊಂದು ಜಿಲ್ಲೆಗೆ ಎರಡು ಪುಟ ಕೊಟ್ಟರೆ ಹೆಚ್ಚು. ಹೋಬಳಿಗೆ ಒಂದು ಸಾಲೂ ಸಿಕ್ಕದು. ಆ ಸಾಲನ್ನು ಬೇರೆಯವರು ಬಂದು ಬರೆಯುವರೆಂದು ಕಾಯುವುದು ಕೂಡದು.

ಹಾಗಾದರೆ ಸಾಮಗ್ರಿ ಎಲ್ಲಿದೆ? ಮೊದಲನೆಯದಾಗಿ ಕಚೇರಿಗಳಲ್ಲಿ. ಅಂದಿನ ಅಮಲ್ದಾರನು ಕಂದಾಯಾಧಿಕಾರಿ ಮಾತ್ರವಲ್ಲ, ಮ್ಯಾಜಿಸ್ಟ್ರೇಟನೂ ಆಗಿದ್ದನು. ನಿಷೇಧಾಜ್ಞೆಗಳು, ಜಾಮೀನು, ಜುಲ್ಮಾನೆ, ಸಭೆ ನಡೆದುದರ ಬಗ್ಗೆ ಪಟೇಲನು ಕಳುಹಿಸಿದ ಯಾದಿ, ಇವೆಲ್ಲ ತಾಲ್ಲೂಕು ಕಚೇರಿಯ ಮೂಲಕವೇ ಹಾದುಹೋಗಬೇಕಾಗಿದ್ದಿತು. ಸರ್ಕಾರಿ ಕಡತಗಳಲ್ಲಿ ಕೆಲವಕ್ಕೆ ಶಾಶ್ವತವಾದ ಆಯುಸ್ಸು, ಕೆಲವಕ್ಕೆ ನಿಯಮಿತವಾದ ಆಯುಸ್ಸು ಎಂಬುದನ್ನು ನಮ್ಮ ಅಧಿಕಾರಿ ವಾಚಕರಿಗೆ ಹೇಳಬೇಕಾಗಿಲ್ಲ. ಜಮೀನಿನ ಕಾಗದಕ್ಕೆ ವಾರಸುದಾರರಿರುತ್ತಾರೆ, ಅದು ಉಳಿಯುತ್ತದೆ. ಐದು ರೂಪಾಯಿ ಜುಲ್ಮಾನೆ ಹಾಕಿದ ಹಾಳೆಗೆ ವಾರಸುದಾರರಿಲ್ಲ. ಗೆದ್ದಲು, ಮಳೆ, ರದ್ದಿ ಮೂರರಲ್ಲಿ ಒಂದಕ್ಕೆ ಅದು ಪಾಲು. 2024ರಿಂದ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ 'ಭೂ ಸುರಕ್ಷಾ' ಎಂಬ ಹೆಸರಿನಿಂದ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರಕ್ಕೆ ಏರಿಸುವ ಕೆಲಸ ನಡೆದಿದೆ. ದಶಕಗಳಿಂದ ಬಿಚ್ಚದ ಕಟ್ಟುಗಳನ್ನು ಬಿಚ್ಚುವ ಇಂಥ ಅವಕಾಶ ಪದೇ ಪದೇ ಬರುವುದಿಲ್ಲ. ಜಮೀನಿನ ಕಾಗದವನ್ನು ಹುಡುಕುವ ಕೈಗೆ 1938ರ ಅಥವಾ 1947ರ ಒಂದು ಯಾದಿ ಸಿಕ್ಕರೆ, ಅದನ್ನು ಕಸದ ಕಡೆಗೆ ಸರಿಸದೆ ಬೇರೆ ಇಡತಕ್ಕದ್ದೆಂದು ಒಂದು ಸಾಲಿನ ಸುತ್ತೋಲೆ ಹೊರಟರೆ ಸಾಕು. ಅದಕ್ಕೆ ಹೊಸ ಹುದ್ದೆಯಾಗಲಿ ಹೊಸ ಖರ್ಚಾಗಲಿ ಬೇಕಿಲ್ಲ.

ಎರಡನೆಯದು ಮನೆಗಳಲ್ಲಿದೆ. ವಂಶಪಾರಂಪರ್ಯವಾದ ಪಟೇಲಿಕೆ ಶಾನುಭೋಗಿಕೆಗಳು 1961ರ ಕಾನೂನಿನಿಂದ ರದ್ದಾದುವು. ಸರ್ಕಾರದ ಪುಸ್ತಕಗಳು ಸರ್ಕಾರಕ್ಕೆ ಹೋದುವು. ಖಾಸಗಿಯಾದ ಬ್ಯಾರೀಜು ಪುಸ್ತಕಗಳೂ ಕಾಗದ ಪತ್ರಗಳೂ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಉಳಿದುವು. ಮೊಮ್ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಊರಿನ ಮನೆಯನ್ನು ಕೆಡವಿ ಆರ್‌ಸಿಸಿ ಕಟ್ಟಿಸುವಾಗ ಆ ಪೆಟ್ಟಿಗೆಗೆ ಏನಾಗುವುದೆಂಬುದನ್ನು ಊಹಿಸಬಹುದು. ಶಾನುಭೋಗರ ಮೋಡಿ ಬರಹವನ್ನು ಸರಾಗವಾಗಿ ಓದಬಲ್ಲವರೂ ದಿನದಿನಕ್ಕೆ ವಿರಳವಾಗುತ್ತಿದ್ದಾರೆ.

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಹಳ್ಳಿ ಹಳ್ಳಿಗೆ ಹೋಗಿ ಕೇಳಿದರೆ ಪ್ರತಿಯೊಂದು ಮನೆಯ ತಾತನೂ ಸೆರೆಮನೆಗೆ ಹೋದವನೇ ಆಗುವನೆಂದು ಮಿತ್ರರೊಬ್ಬರು ನಗೆಯಾಡಿದರು. ನಗೆಯಲ್ಲಿ ಸತ್ಯಾಂಶವಿದೆ. ಚುನಾವಣೆಗೆ ನಿಲ್ಲುವವರಿಗೆ ಅಂಥ ತಾತನು ಬೇಕು, ಜಾತಿಯ ಸಂಘಕ್ಕೆ ತಮ್ಮವನೇ ಆದ ಹುತಾತ್ಮನು ಬೇಕು. ಆದುದರಿಂದಲೇ ಬಾಯಿಮಾತನ್ನು ಕಾಗದದೊಡನೆಯೂ ಕಾಗದವನ್ನು ಬಾಯಿಮಾತಿನೊಡನೆಯೂ ಒರೆಹಚ್ಚಿ ನೋಡಬೇಕು. ಎರಡೂ ಒಂದೇ ಮಾತನ್ನು ಹೇಳಿದಲ್ಲಿ ಹಾಗೆಯೇ ಬರೆಯುವುದು. ಬೇರೆ ಬೇರೆ ಹೇಳಿದಲ್ಲಿ ಬೇರೆ ಬೇರೆ ಎಂದೇ ಬರೆಯುವುದು. ಹತ್ತು ಎಂದ ಸರ್ಕಾರವನ್ನು ನಾವು ನಂಬದಿರುವಂತೆ, ಕಾರಣ ತೋರಿಸದೆ ಮೂವತ್ತೈದು ಎಂದವರನ್ನೂ ನಂಬಬೇಕಾಗಿಲ್ಲ. ಹೆಸರು, ತಂದೆಯ ಹೆಸರು, ಊರು, ಕಸುಬು, ತಾರೀಖು ಈ ಐದು ಕಾಲಮ್ಮುಗಳನ್ನು ತುಂಬಲು ಸಾಧ್ಯವಾದವನನ್ನು ಸೇರಿಸಿಕೊಳ್ಳುವುದು. ಆಗದವನನ್ನು ಹಾಗೆಂದು ಗುರುತುಹಾಕಿ ಕಾದಿಡುವುದು. ಎದುರುಪಕ್ಷದವರನ್ನೂ, ಎಂದರೆ ಆಜ್ಞೆ ಪಾಲಿಸಿದ ಪಟೇಲ, ಪೇದೆ, ಅಮಲ್ದಾರರನ್ನೂ, ಅವರ ಮನೆಯವರ ಮಾತನ್ನೂ, ಅದೇ ಪುಸ್ತಕದಲ್ಲಿ ಬರೆಯಬೇಕೆಂಬುದು ನಮ್ಮ ಸಲಹೆ. ಹೀಗೆ ಮಾಡಿದಲ್ಲಿ ಜಯಘೋಷದ ಪುಸ್ತಕವಾಗದು, ನಿಜ. ನ್ಯಾಯಾಲಯದಲ್ಲಿ ನಿಲ್ಲುವ ಪುಸ್ತಕವಾದೀತು.

ಬರಗಾಲ, ಕೊಳವೆಬಾವಿ, ಕಡಲೆಕಾಯಿಯ ಧಾರಣೆ ಇವುಗಳ ಚಿಂತೆಯೇ ಹಾಸಿಹೊದೆಯುವಷ್ಟಿರುವಾಗ ಸತ್ತವರ ಪಟ್ಟಿ ಯಾರಿಗೆ ಬೇಕೆಂದು ಕೇಳುವವರೂ ಉಂಟು. ಪಾವಗಡದ ಬೆಂಗಾಡಿನಲ್ಲಿ ಇಂದು ಸೂರ್ಯನ ಬಿಸಿಲಿನಿಂದ ಎರಡು ಸಾವಿರ ಮೆಗಾವಾಟ್ ವಿದ್ಯುತ್ತನ್ನು ತೆಗೆಯುವ ಯೋಜನೆ ಎದ್ದಿದೆ. ಆ ಜಮೀನನ್ನು ಗುತ್ತಿಗೆಗೆ ಕೊಟ್ಟ ರೈತನು ಗುತ್ತಿಗೆಯ ಕರಾರು, ಬಾಡಿಗೆ, ನೀರು, ಕೆಲಸ ಎಂದು ಕಚೇರಿಯ ಮುಂದೆ ನಿಂತು ಕೇಳಬಲ್ಲನು. ಕೇಳುವ ಹಕ್ಕು ಅವನಿಗೆ ಆಕಾಶದಿಂದ ಇಳಿದುಬಂದುದಲ್ಲ. ಅವನ ತಾತನ ಕಾಲದಲ್ಲಿ ಗುಂಪುಗೂಡಿ ನಿಂತರೆ ಏನಾಗುತ್ತಿದ್ದಿತೆಂಬುದಕ್ಕೆ ವಿದುರಾಶ್ವತ್ಥವು ದೂರವೇನೂ ಇಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳು ಮಧುಗಿರಿಯ ಉಪವಿಭಾಗಾಧಿಕಾರಿಗಳ ಕೈಕೆಳಗಿವೆ. ಶಾಲೆಗಳ ಮಟ್ಟಿಗೂ ಮಧುಗಿರಿ ಪ್ರತ್ಯೇಕವಾದ ಶೈಕ್ಷಣಿಕ ಜಿಲ್ಲೆ. ಅಧಿಕಾರಿಗಳು ಮನಸ್ಸು ಮಾಡಿದರೆ ನಾಲ್ಕು ತಾಲ್ಲೂಕುಗಳ ಲೆಕ್ಕ ಒಂದೇ ಮೇಜಿನ ಮೇಲೆ ಕೂಡಿಬರುತ್ತದೆ. ಪ್ರತಿ ಹೋಬಳಿಯ ಪ್ರೌಢಶಾಲೆಗೆ ಒಂದು ಗಟ್ಟಿ ರಟ್ಟಿನ ರಿಜಿಸ್ಟರನ್ನು ಕೊಡಲಿ. ಹತ್ತನೆಯ ತರಗತಿಯ ಹುಡುಗರು ಹುಡುಗಿಯರು ಬೇಸಗೆಯ ರಜದಲ್ಲಿ ಎಂಬತ್ತೈದು ದಾಟಿದ ಅಜ್ಜ ಅಜ್ಜಿಯರ ಬಳಿಗೆ ಹೋಗಿ, ಕೇಳಿದುದನ್ನು ಕೇಳಿದ ಹಾಗೆಯೇ ಬರೆದುಕೊಳ್ಳಲಿ, ಧ್ವನಿಯನ್ನು ಮೊಬೈಲಿನಲ್ಲಿ ಹಿಡಿದಿಡಲಿ. ಗಡಿಯಾಚೆಯ ಮಡಕಶಿರಾ, ಅಮರಾಪುರಂ, ಹಿಂದೂಪುರಗಳಿಗೂ, ಈಗ ಅವು ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದ್ದರೂ, ಉಪಾಧ್ಯಾಯರು ಒಮ್ಮೆ ಹೋಗಿಬರಲಿ. ಅಲ್ಲಿ ಕನ್ನಡ ಮಾತಾಡುವ ಮನೆಗಳಿವೆ, ಈಚೆಯಿಂದ ಹೋದವರಿಗೆ ಆಶ್ರಯ ಕೊಟ್ಟ ನೆನಪುಗಳು ಅಲ್ಲಿರಬಹುದು. ತಾಲ್ಲೂಕು ಕಚೇರಿಯ ದಾಖಲೆಯ ಕೋಣೆಯನ್ನು ನೋಡಲು ತಹಶೀಲ್ದಾರರು ತಿಂಗಳಿಗೊಂದು ದಿನ ಅನುಮತಿ ಕೊಡಲಿ. ಸಿಕ್ಕಿದುದರ ಒಂದು ಪ್ರತಿ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಲಿ, ಒಂದು ಊರಿನ ಗ್ರಂಥಾಲಯದಲ್ಲಿಯೇ ಉಳಿಯಲಿ. ಬರುವ ಏಪ್ರಿಲ್ 25ಕ್ಕೆ ಕೆಲಸ ಆರಂಭವಾದರೆ ಬೇಸಗೆಯ ರಜದ ಬಹುಭಾಗ ಕೈಯಲ್ಲಿರುತ್ತದೆ. ಆಗಸ್ಟ್ ತಿಂಗಳ ಹೊತ್ತಿಗೆ ಬರಗೂರಿನ ಶಾಲೆಯ ರಿಜಿಸ್ಟರಿನಲ್ಲಿ ಮೊದಲ ಹತ್ತು ಹೆಸರುಗಳಾದರೂ ಬಿದ್ದಿರಬಹುದು.